ಹೆಸರು ಬರೆದ ಹಲಗೆ

ಜೋಡಿಹುಣಸೆ
9 ಜೂನ್ 2025

ಪ್ರೀತಿಯ ಅಮ್ಮ,

ನೀನು ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟುಕೊಟ್ಟಿದ್ದ ಇಪ್ಪತ್ತು ಅಂಚೆ ಕವರುಗಳಲ್ಲಿ ಇದು ಮೊದಲನೆಯದು! ‘ಎಂಟು ಜನರ ಮನೆಯಲ್ಲಿ ಫೋನ್ ಹಿಡಿದು ಮನಸ್ಸು ಬಿಚ್ಚೋಕಾಗಲ್ಲ, ಬರೆದು ಕಳಿಸು’ ಎಂದು ನೀನು ಹೇಳಿದಾಗ ನಕ್ಕಿದ್ದೆ. ಈಗ ನಗುವುದಿಲ್ಲ. ಮೊನ್ನೆ ಫೋನಿನಲ್ಲಿ ನಿನಗೆ ‘ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಯ್ತಮ್ಮ’ ಎಂದು ಪಿಸುಗುಟ್ಟಿದ್ದೆನಲ್ಲ, ಸಂಜೆ ನೀರು ತರಲು ಹೋದರೆ ಬೀದಿಯ ಕೊನೆಯ ಮನೆಯ ಅಂಜಿನಕ್ಕ, ‘ಉಪ್ಪಿಟ್ಟಿನ್ಯಾಗ ನಿಂಬಿಹಣ್ಣು ಹಿಂಡಬೇಕಿತ್ತವ್ವ’ ಎಂದು ಪರಿಹಾರವನ್ನೇ ಕೊಟ್ಟರು!

ಅಮ್ಮ, ನಾನು ತುಂಬಾ ತುಂಬಾ ಖುಷಿಯಲ್ಲಿದ್ದೇನೆ. ಶಿವು ಬೆಳಿಗ್ಗೆ ಕಾನಹೊಸಹಳ್ಳಿಯ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗುವಾಗ ಬೈಕನ್ನು ಮನೆಯ ಮುಂದೆ ಸುಮ್ಮನೆ ಎರಡು ಸಲ ಒದೆಯುತ್ತಾನೆ, ಮೊದಲ ಸಲಕ್ಕೇ ಸ್ಟಾರ್ಟ್ ಆಗಿದ್ದರೂ. ಅದು ನನಗೆ ಹೇಳುವ ಬೈ! ಎಲ್ಲರೆದುರು ‘ಶಿವು’ ಎನ್ನುವ ಹಾಗಿಲ್ಲ, ‘ರೀ’ ಎನ್ನಬೇಕು. ನಾನು ‘ರೀ’ ಎಂದಾಗೆಲ್ಲ ಅವನ ಕಿವಿ ಕೆಂಪಾಗುತ್ತದೆ.

ಈಗ ಮುಖ್ಯ ಸುದ್ದಿ. ಊರಿನಿಂದ ಮುಖ್ಯರಸ್ತೆಗೆ ಸೇರುವ ಕ್ರಾಸಿನಲ್ಲಿ ಒಂದು ಬಸ್ ಶೆಲ್ಟರ್ ಇದೆ. ಸರ್ಕಾರದ್ದಲ್ಲ, ಯಾವ ದಾನಿಯದ್ದೂ ಅಲ್ಲ, ನನ್ನ ಗಂಡನದ್ದು! ಹೋದ ವರ್ಷ ಬೇಸಿಗೆಯಲ್ಲಿ ಅತ್ತೆ ಅಲ್ಲಿ ಬಸ್ಸಿಗೆ ಕಾಯುತ್ತ ಬಿಸಿಲಿಗೆ ತಲೆ ತಿರುಗಿ ಬಿದ್ದರಂತೆ. ಪ್ರತಿ ಗುರುವಾರ ಅವರು ಮೊಣಕಾಲು ತೋರಿಸಲು ಕೂಡ್ಲಿಗಿ ಆಸ್ಪತ್ರೆಗೆ ಹೋಗಬೇಕು. ಶಿವು ಅಂಗಡಿಯಲ್ಲಿ ಸಿಕ್ಕ ಮೋಟರ್ ಪೆಟ್ಟಿಗೆಗಳ ಹಲಗೆ ಬಿಚ್ಚಿ, ನಾಲ್ಕು ನೀಲಗಿರಿ ಕಂಬ ನೆಟ್ಟು, ಆ ಹಲಗೆಗಳಿಂದ ಗೋಡೆ ಮಾಡಿ, ಮೇಲೆ ತಗಡು ಹೊದಿಸಿ, ಒಳಗೆ ಮೂರೂ ಕಡೆ ಬೇವಿನ ಹಲಗೆಯ ಬೆಂಚು ಮಾಡಿದ್ದಾನೆ. ಮರಗೆಲಸ ಕಲಿತವನಲ್ಲ ನೋಡು, ಒಂದು ಕಂಬ ಕೂಡ್ಲಿಗಿ ಕಡೆ ಬಾಗಿದೆ, ಇನ್ನೊಂದು ಉಜ್ಜಿನಿ ಕಡೆ. ಪೆಟ್ಟಿಗೆಯ ಮೇಲಿದ್ದ ‘ಈ ಬದಿ ಮೇಲೆ’ ಎಂಬ ಬಾಣ ನೆಲ ತೋರಿಸುತ್ತಿದೆ!

ಆದರೆ ಕೇಳು, ಈ ಒಂದು ವರ್ಷದಲ್ಲಿ ಅತ್ತೆ ಅದರೊಳಗೆ ಒಮ್ಮೆಯೂ ಕೂತಿಲ್ಲವಂತೆ. ಪಕ್ಕದಲ್ಲಿ ಬಿಸಿಲಲ್ಲೇ ನಿಲ್ಲುತ್ತಾರೆ. ಶಿವು ನನಗೆ ಹೇಳುವಾಗ ನಕ್ಕ, ಆದರೆ ನಗು ಪೂರ್ತಿಯಾಗಲಿಲ್ಲ. ನನಗೆ ಕಾರಣ ಗೊತ್ತಾಗಿಬಿಟ್ಟಿದೆ: ಅದು ಥೇಟ್ ಕುರಿಹಟ್ಟಿಯ ಹಾಗೆ ಕಾಣುತ್ತದೆ! ಯಾರು ಕೂರುತ್ತಾರೆ? ಹಾಗಾಗಿ ನಿನ್ನ ಮಗಳು ಅದನ್ನು ಚೆಂದ ಮಾಡಲಿದ್ದಾಳೆ. ಮದುವೆಗೆ ಮನೆ ಬಳಿದು ಉಳಿದ ಬಣ್ಣದ ಡಬ್ಬಿಗಳಿವೆ, ಬಿ.ಎ. ಓದಿದ ಸೊಸೆ ಇದ್ದಾಳೆ, ಇನ್ನೇನು ಬೇಕು?

ನಿನ್ನ ಹುಚ್ಚು ಮಗಳು,
ಸಮು


ಹರಪನಹಳ್ಳಿ
16 ಜೂನ್ 2025

ಚಿ. ಸಮತಾ,

ಕಾಗದ ತಲುಪಿತು. ಅಂಚೆ ಕಚೇರಿಯಲ್ಲಿ ಊರವರ ಕಾಗದಗಳಿಗೆಲ್ಲ ಮುದ್ರೆ ಹೊಡೆಯುವವಳು ನಾನು. ನನ್ನ ಹೆಸರಿನದು ಕಂಡಾಗ ಎರಡು ಸಲ ಓದಿಕೊಂಡೆ.

ಹಲಗೆಗೆ ನೇರವಾಗಿ ಬಣ್ಣ ಹಚ್ಚಬೇಡ. ಮೊದಲು ಉಪ್ಪುಕಾಗದದಿಂದ ಉಜ್ಜು, ಪ್ರೈಮರ್ ಹಾಕು, ಒಂದು ದಿನ ಒಣಗಲು ಬಿಡು. ಕಂಬದ ಬುಡಕ್ಕೆ ಗೆದ್ದಲು ಹತ್ತದಂತೆ ಡಾಂಬರು ಬಳಿಯಲು ಅಳಿಯಂದಿರಿಗೆ ಹೇಳು. ಮಳೆ ಬರುವ ಮುಂಚೆ ಮುಗಿಸು.

ಒಂದು ಮಾತು. ಆ ಬೆಂಚಿನ ಮೇಲೆ ಈಗ ಯಾರು ಕೂರುತ್ತಾರೆ ಎಂದು ನೀನು ಬರೆದಿಲ್ಲ. ಬಣ್ಣ ಹಚ್ಚುವ ಮೊದಲು ಅದನ್ನು ನೋಡು.

ಉಪ್ಪಿಟ್ಟಿಗೆ ಉಪ್ಪನ್ನು ನೀರಿಗೇ ಹಾಕಿ ರುಚಿ ನೋಡಬೇಕು. ಹೇಳಿಕೊಟ್ಟಿದ್ದೆ.

ನಿನ್ನ ಅಮ್ಮ


ಜೋಡಿಹುಣಸೆ
12 ಜುಲೈ 2025

ಅಮ್ಮಾ,

ಅದು ಈಗ ಕೌದಿ! ಹೌದು, ಮರದ ಕೌದಿ! ಹೇಗಾಯಿತು ಎಂದರೆ, ಯಾವ ಡಬ್ಬಿಯಲ್ಲೂ ಇಡೀ ಗೋಡೆಗೆ ಸಾಕಾಗುವಷ್ಟು ಬಣ್ಣ ಇರಲಿಲ್ಲ. ಅಂಜಿನಕ್ಕನ ಮನೆಯಿಂದ ಬಾಗಿಲಿನ ನೀಲಿ ಬಂತು, ಶಾಲೆಯಿಂದ ಕರಿಹಲಗೆಯ ಹಸಿರು, ಶಿವುನ ಗೆಳೆಯನ ಟ್ರ್ಯಾಕ್ಟರಿನ ಕೆಂಪು. ಪೆಟ್ಟಿಗೆಯ ಹಲಗೆಗಳೂ ಒಂದು ಉದ್ದ, ಒಂದು ಗಿಡ್ಡ. ನಾನು ತಲೆ ಕೆಡಿಸಿಕೊಂಡು ಕೂತಿದ್ದಾಗ ಅತ್ತೆ ಜಗಲಿಯಲ್ಲಿ ಹಳೇ ಸೀರೆಗಳ ಕೌದಿ ಹೊಲಿಯುತ್ತಿದ್ದರು. ನೋಡಿದ ಕೂಡಲೇ ಹೊಳೆಯಿತು! ಒಂದೊಂದು ಹಲಗೆಗೆ ಒಂದೊಂದು ಬಣ್ಣ ಹಚ್ಚಿದೆ, ಅವುಗಳ ಮೇಲೆ ತೆಳು ಬ್ರಷ್ಷಿನಿಂದ ಬಿಳಿ ಹೊಲಿಗೆ ಬಿಡಿಸಿದೆ.

ಅತ್ತೆ ಕೋಲೂರಿಕೊಂಡು ಬಂದು ದೂರದಿಂದಲೇ ನೋಡಿದರು. ‘ಹೊಲಿಗಿ ಅಂಚಿನಿಂದ ಸುತ್ತಿಗೆಂತ ಒಳಗ ಬರಬೇಕವ್ವ. ನೀ ನಡುವಿಂದ ಹೊಂಟಿ. ಕೌದಿ ಸುಕ್ಕಾಕೈತಿ’ ಎಂದರು. ಮರ ಸುಕ್ಕಾಗಲ್ಲ ಅತ್ತೆ ಎಂದೆ. ‘ನೋಡಾಕಾದ್ರೂ ಬರೊಬ್ಬರಿ ಇರಬೇಕಲ್ಲ’ ಎಂದರು. ಎರಡು ಗೋಡೆ ಅಳಿಸಿ ಅಂಚಿನಿಂದ ಮತ್ತೆ ಹೊಲಿದೆ. ಪ್ರೈಮರನ್ನೂ ಹಾಕಿದ್ದೇನೆ, ಡಾಂಬರನ್ನೂ. ಬಸ್ಸಿನ ಡ್ರೈವರ್ ನಿಲ್ಲಿಸಿ, ‘ಯಾರ ಮದಿವಿ ಚಪ್ಪರಾರೀ ಇದು?’ ಎಂದು ಕೇಳಿ ಹೋದ. ಅಷ್ಟು ಬ್ಯೂಟಿಫುಲ್!

ಅಮ್ಮ, ಇಲ್ಲಿಯವರೆಗೆ ಕುಣಿಯುತ್ತ ಬರೆದೆ. ಇನ್ನು ಕುಣಿಯಲು ಬರುತ್ತಿಲ್ಲ.

ಮೊದಲು ಅಲ್ಲಿ ಬೆಳಿಗ್ಗೆ ಮೂವರು ಗಂಡಸರು ಕೂರುತ್ತಿದ್ದರು. ನಾನು ಬಣ್ಣ ಹಚ್ಚಿದ ಮೇಲೆ ಹತ್ತು ಜನ. ಪೇಪರು ಅಲ್ಲೇ, ಇಸ್ಪೀಟು ಅಲ್ಲೇ. ಶಿವುನ ದೊಡ್ಡಪ್ಪ ಚೌಡಣ್ಣನವರಿಗೆ ನಡುವಿನ ಜಾಗ. ಮೊನ್ನೆ ಗುರುವಾರ ಅತ್ತೆಯನ್ನು ಬಸ್ ಹತ್ತಿಸಲು ನಾನೂ ಹೋದೆ. ಅತ್ತೆ ನನ್ನ ಕೌದಿಯಿಂದ ಹತ್ತು ಹೆಜ್ಜೆ ಆಚೆ, ಬಿಸಿಲಲ್ಲಿ, ಕೋಲಿನ ಮೇಲೆ ಭಾರ ಹಾಕಿ, ಬೆನ್ನು ತಿರುಗಿಸಿ ನಿಂತರು. ಬಸ್ಸಿಗೆ ಬಂದಿದ್ದ ಅನ್ನದಾನಮ್ಮನೂ ಹಾಗೆಯೇ. ಅವರ ಸೊಸೆ ದುರ್ಗಕ್ಕನ ಕಂಕುಳಲ್ಲಿ ಕೂಸು. ಮುಕ್ಕಾಲು ತಾಸು!

ಅಂಜಿನಕ್ಕನನ್ನು ಕೇಳಿದೆ. ‘ಭಾವ ಕುಂತಿರ್ತಾನಲ್ಲ, ಅವನ ಮುಂದ ಹೆಂಗ ಕುಂದ್ರತಾಳವ್ವ ನಿಮ್ಮತ್ತಿ? ಮದಿವ್ಯಾಗಿ ಬಂದಾಗಿಂದ ಆತನ ಮುಂದ ಕುಂತಿಲ್ಲ. ಆತನ ಸಂಗಾಟ ಮಾತೂ ಆಡಿಲ್ಲ’ ಎಂದರು. ‘ಅವರು ಎದ್ದು ಜಾಗ ಕೊಟ್ಟರೆ?’ ಎಂದೆ. ಅಂಜಿನಕ್ಕ ನನ್ನ ಮುಖವನ್ನೇ ನೋಡಿದರು, ನಾನು ಬಸ್ಸಿಗೆ ರೆಕ್ಕೆ ಕಟ್ಟೋಣ ಎಂದ ಹಾಗೆ.

ನೀನು ಕೇಳಿದ್ದೆ, ಯಾರು ಕೂರುತ್ತಾರೆ ಅಂತ. ನೋಡಲಿಲ್ಲ ನಾನು. ಶಿವು ತನ್ನ ತಾಯಿಗೆ ಕಟ್ಟಿದ್ದನ್ನು ನಾನು ಅವನ ದೊಡ್ಡಪ್ಪನಿಗೆ ಶೃಂಗಾರ ಮಾಡಿಕೊಟ್ಟೆ.

ಆದರೆ ಅಮ್ಮ, ಸುಮ್ಮನಿರುವುದಿಲ್ಲ.

ನಿನ್ನ
ಸಮು


ಹರಪನಹಳ್ಳಿ
19 ಜುಲೈ 2025

ಚಿ. ಸಮತಾ,

ಸುಮ್ಮನಿರು.

ಚೌಡಣ್ಣನವರು ಮದುವೆಯಲ್ಲಿ ನಮ್ಮನ್ನು ಎಷ್ಟು ಗೌರವದಿಂದ ಕಂಡರು ಎಂಬುದು ನೆನಪಿರಲಿ. ನಿನ್ನ ಕೈಯ ಹಸಿರು ಬಳೆ ಇನ್ನೂ ಮಾಸಿಲ್ಲ. ನಿನ್ನ ಅತ್ತೆ ಅಷ್ಟು ವರ್ಷ ನಿಂತಿದ್ದಾರೆ ಎಂದರೆ ನಿಲ್ಲುವುದು ಹೇಗೆಂದು ಅವರಿಗೆ ಗೊತ್ತಿದೆ. ಗುರುವಾರ ಅಳಿಯಂದಿರು ಬೈಕಿನಲ್ಲಿ ಬಿಟ್ಟುಬರಲಿ. ಅಷ್ಟೇ.

ಕೌದಿಯ ಹೊಲಿಗೆ ಅಂಚಿನಿಂದ ಬರಬೇಕು ಎಂದು ಅವರು ಹೇಳಿದ್ದು ಸರಿ. ಎಲ್ಲವೂ ಹಾಗೆಯೇ.

ನಿನ್ನ ಅಮ್ಮ


ಜೋಡಿಹುಣಸೆ
21 ಆಗಸ್ಟ್ 2025

ಅಮ್ಮ,

ಒಂದು ತಿಂಗಳು ಬರೆಯಲಿಲ್ಲ. ಫೋನಿನಲ್ಲಿ ‘ಊಟ ಆಯ್ತಾ, ಮಳೆ ಬಂತಾ’ ಎಂದೆವು. ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೈಕಿನ ಮಾತು ನಾನೂ ಎತ್ತಿದ್ದೆ. ಅತ್ತೆಯ ಮೊಣಕಾಲು ಮಡಚುವುದಿಲ್ಲ, ಬೈಕ್ ಹತ್ತಲಾರರು. ಹಾಗಾಗಿ ನಾನು ಇನ್ನೊಂದು ಮಾಡಿದೆ. ಪೂರ್ತಿ ಓದು, ನಡುವೆ ಬೈಯಬೇಡ.

ನಾನು ಓದಿದ ಹೊಸಪೇಟೆಯ ಶಾಲೆಯ ತೋಟದಲ್ಲಿ ಒಂದು ಬೆಂಚಿತ್ತಲ್ಲ? ತೀರಿಕೊಂಡ ಟೀಚರೊಬ್ಬರ ಹೆಸರನ್ನು ಅದರ ಮೇಲೆ ಬರೆಸಿದ್ದರು. ನಾವೆಲ್ಲ ಅದನ್ನು ಎಷ್ಟು ಪ್ರೀತಿಯಿಂದ ಒರೆಸುತ್ತಿದ್ದೆವು! ನನಗೆ ಅದು ನೆನಪಾಯಿತು. ಬೆಂಚಿನ ಮೇಲೆ ಹೆಂಗಸರ ಹೆಸರಿದ್ದರೆ ಅದು ಅವರ ಜಾಗ ಎಂದು ಎಲ್ಲರಿಗೂ ತಿಳಿಯುತ್ತದೆ, ಗೌರವವೂ ಆಯಿತು ಎಂದುಕೊಂಡೆ. ಇಲ್ಲಿ ಬಸ್ಸಿಗೆ ಬರುವ ಹೆಂಗಸರು ಹದಿನಾಲ್ಕು ಮಂದಿ. ಮನೆಮನೆಗೆ ಹೋಗಿ ಹೆಸರು ಕೇಳಿದೆ. ಅಮ್ಮ, ಕೇಳಿದರೆ ನಾಚುತ್ತಾರೆ! ಎಲ್ಲರೂ ‘ಇಂಥವನ ಅವ್ವ’, ‘ಇಂಥವನ ಹೇಣ್ತಿ’. ದುರ್ಗಕ್ಕನ ಹೆಸರು ಬರೆದಾಗ ಅವಳ ಮೈದುನ ಕರಿಸಿದ್ದಪ್ಪ ಬಂದು ‘ದುರ್ಗಾ ಅಂದ್ರ ಯಾರು?’ ಎಂದು ಕೇಳಿದ. ಏಳು ವರ್ಷದಿಂದ ಅವಳು ಮಾಡಿದ ರೊಟ್ಟಿ ತಿನ್ನುತ್ತಿದ್ದಾನೆ!

ಕೂರುವ ಹಲಗೆಯನ್ನು ಹದಿನೈದು ಚೌಕ ಮಾಡಿ, ಒಂದೊಂದು ಹೆಸರನ್ನು ಹಳದಿಯಲ್ಲಿ ಗುಂಡಗೆ ಬರೆದು, ಸುತ್ತ ಕೌದಿಯ ಹೊಲಿಗೆ ಬಿಡಿಸಿದೆ. ಮೂಲೆಯ ಒಂದು ಚೌಕ ಖಾಲಿ. ಮುಂದೆ ಯಾವಾಗಲಾದರೂ ನನಗೆ ಇರಲಿ ಎಂದು.

ಮರುದಿನ ಬೆಳಿಗ್ಗೆ ಊರೇ ನಮ್ಮ ಬಾಗಿಲಿಗೆ ಬಂತು. ಗಂಡಸರಲ್ಲ, ಹೆಂಗಸರು! ಎಲ್ಲರಿಗಿಂತ ಮುಂದೆ ಕರಿಸಿದ್ದಪ್ಪನ ತಾಯಿ ಅನ್ನದಾನಮ್ಮ. ‘ಏನವ್ವಾ ಇಂಗ್ಲೀಷ್ ಸೊಸಿ, ಅಕ್ಷರ ಕಾಲಿಗೆ ತಗಲಿದ್ರ ಕಣ್ಣಿಗೆ ಒತ್ತಿಗೆಳ್ಳೋರು ನಾವು. ನನ್ ಹೆಸರು ಬರದು ಊರ ಗಂಡಸರ ಕುಂಡಿ ಬುಡಕ ಹಾಕಿದಿ?’ ಎಂದು ಕೂಗಿದರು. ಅಮ್ಮ, ನಿಜವಾಗಿ ನನಗೆ ಹೊಳೆದೇ ಇರಲಿಲ್ಲ. ಅತ್ತೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಶಿವು ಹಿಂದಿನ ಅಂಗಳದಲ್ಲಿ ನನ್ನ ತಲೆ ಸವರಿ, ‘ಅಳಿಸಿಬಿಡೋಣ ಬಿಡು, ಸಮೂ’ ಎಂದ.

ಮೂರನೆಯ ದಿನ ಬೆಳಿಗ್ಗೆ ಉಪ್ಪುಕಾಗದ ಹಿಡಿದು ಕ್ರಾಸಿಗೆ ಹೋದೆ. ಮೂಗು ಒರೆಸಿಕೊಳ್ಳುತ್ತ ಹೋದೆ ಎಂದೇ ಇಟ್ಟುಕೋ. ಅಲ್ಲಿ ನೋಡಿದರೆ ಹತ್ತೂ ಜನ ಗಂಡಸರು ಹೊರಗೆ ನಿಂತಿದ್ದಾರೆ! ಬೆಂಚು ಖಾಲಿ. ಕರಿಸಿದ್ದಪ್ಪ ಬಂದ, ಕೂರಲು ಬಾಗಿದ, ‘ಅನ್ನದಾನಮ್ಮ’ ಎಂದಿತ್ತು, ಹಾವು ಕಂಡವನ ಹಾಗೆ ನೆಟ್ಟಗಾದ. ಪಕ್ಕಕ್ಕೆ ಸರಿದ, ‘ದುರ್ಗಾ’. ಇನ್ನೂ ಸರಿದ, ಅವನ ಸೋದರತ್ತೆ. ಯಾರೋ ಹಿಂದಿನಿಂದ, ‘ಕುಂದ್ರಲೇ ಕರಿಸಿದ್ದಾ, ನಿಮ್ಮವ್ವನ ಮ್ಯಾಲೆ ಕುಂದ್ರು!’ ಎಂದರು. ಅವನು ಹೋಗಿ ಬೇವಿನ ಮರಕ್ಕೆ ಒರಗಿ ನಿಂತ. ಜೋಡಿಹುಣಸೆ ಸಣ್ಣ ಊರು, ಅಮ್ಮ. ಆ ಹದಿನಾಲ್ಕು ಹೆಸರಲ್ಲಿ ತಾಯಿ, ಅಕ್ಕ, ಅತ್ತಿಗೆ ಯಾರೂ ಇಲ್ಲದ ಗಂಡಸು ಈ ಊರಿನಲ್ಲಿಲ್ಲ!

ಉಪ್ಪುಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

ಆದರೆ ಗೆದ್ದೆ ಎನ್ನುವ ಹಾಗಿಲ್ಲ. ಈಗ ಗಂಡಸರೂ ನಿಲ್ಲುತ್ತಾರೆ, ಹೆಂಗಸರೂ ನಿಲ್ಲುತ್ತಾರೆ. ಭಾವ ನಿಂತಿರುವಾಗ ಅತ್ತೆ ಕೂರುವುದು ಇನ್ನೂ ದೊಡ್ಡ ತಪ್ಪಂತೆ. ಈ ಸೀಮೆಯಲ್ಲೇ ಅತಿ ಚೆಂದದ ಬೆಂಚಿನ ಮೇಲೆ ಈಗ ಒಂದು ನಾಯಿ ಮಲಗುತ್ತದೆ. ಅದಕ್ಕೆ ಓದಲು ಬರುವುದಿಲ್ಲ.

ಚೌಡಣ್ಣನವರು ನಿನ್ನೆ ಮನೆಗೆ ಬಂದಿದ್ದರು. ದನಿ ಏರಿಸಲಿಲ್ಲ. ‘ನೋಡವ್ವಾ, ನೀ ಚಂದ ಮಾಡಿದಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಗಣಪತಿ ಹಬ್ಬದೊಳಗ ಆ ಹೆಸರು ಅಳಿಸಿಬಿಡು. ಬ್ಯಾರೆ ಊರೋರು ನಕ್ಕಾರು’ ಎಂದರು. ನಾನು ತಲೆ ಬಗ್ಗಿಸಿಯೇ, ‘ನಗಲಿ ಬಿಡ್ರಿ ದೊಡ್ಡಪ್ಪಾರ’ ಎಂದೆ. ಒಳಗೆ ಅತ್ತೆಯ ಕೈಯ ಲೋಟ ನೆಲಕ್ಕೆ ಬಿದ್ದ ಸದ್ದು ಕೇಳಿತು.

ಹಬ್ಬಕ್ಕೆ ಆರು ದಿನ ಇದೆ. ಏನು ಮಾಡಲಿ ಎಂದು ಕೇಳುತ್ತಿಲ್ಲ. ಹೇಳುತ್ತಿದ್ದೇನೆ ಅಷ್ಟೇ.

ಸಮು


ಹರಪನಹಳ್ಳಿ
24 ಆಗಸ್ಟ್ 2025

ಸಮತಾ,

ಅಳಿಸಿಬಿಡು. ನೀನು ಆ ಊರಿನಲ್ಲಿ ಇನ್ನೂ ಐವತ್ತು ವರ್ಷ ಬಾಳಬೇಕು. ಒಂದು ಹಲಗೆಗೆ ಅಷ್ಟು ಬೆಲೆ ಕೊಡಬೇಡ.

ಅಮ್ಮ


ಜೋಡಿಹುಣಸೆ
26 ಆಗಸ್ಟ್ 2025

ಅಮ್ಮ,

ಐವತ್ತು ವರ್ಷ ಬಾಳಬೇಕು ಎಂದೇ ಅಳಿಸುವುದಿಲ್ಲ.

ಸಮತಾ


ಜೋಡಿಹುಣಸೆ
1 ಸೆಪ್ಟೆಂಬರ್ 2025

ಅಮ್ಮ, ಇದು ಅತ್ತೆಯ ಕಾಗದ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಎದುರಿಗೇ ಕೂತಿದ್ದಾರೆ.

ಬೀಗ್ತಿ ಸುಜಾತಮ್ಮಗ ಹುಲುಗಮ್ಮ ಶರಣು ಮಾಡಿ ಹೇಳೋದು. ನನಗ ಬರಿಯಾಕ ಬರಲ್ಲ. ನಿನ್ ಮಗಳು ನಡುವ ತನ್ನದೇನರ ಸೇರಿಸಿದ್ರ ನೀನಾ ಕಂಡುಹಿಡಿ, ನೀ ಪೋಸ್ಟ್ ಆಫೀಸಿನಾಕಿ.

ಹಲಗಿ ಮ್ಯಾಲೆ ನನ್ ಹೆಸರು ನೋಡಿ ನನಗೂ ಸಿಟ್ಟು ಬಂದಿತ್ತು. ಎರಡು ದಿನ ಈಕಿ ಮಾಡಿದ ರೊಟ್ಟಿ ತಿನ್ನಲಿಲ್ಲ. ಆ ರೊಟ್ಟಿ ತಿನ್ನಂಗೂ ಇರಲಿಲ್ಲ, ಅದು ಬ್ಯಾರೆ ಮಾತು. ಮಗಳನ್ನ ಬೈಬ್ಯಾಡ. ಆಕಿ ತಪ್ಪು ಮಾಡ್ಯಾಳ, ಖರೆ. ಚಲೋ ತಪ್ಪು ಮಾಡ್ಯಾಳ.

ಹಬ್ಬದ ಮರುದಿನ ಗುರುವಾರ ಬಂತು. ಕೂಡ್ಲಿಗಿ ಬಸ್ಸಿಗೆ ಅಂತ ನಾನೂ ನಿನ್ ಮಗಳೂ ಕ್ರಾಸಿಗೆ ಹೋದ್ರ ಭಾವ ನಿಂತಾನ. ಕರಿಸಿದ್ದನ ಕೈಯಾಗ ಒಂದು ಅರಿಬಿ, ಬಣ್ಣ ಕಳಿಯೋ ಎಣ್ಣಿ ಡಬ್ಬಿ. ಭಾವ ನನ್ನ ಮಕ ನೋಡಿ ಮಾತಾಡಲ್ಲ, ಗಾಳಿಗೆ ಮಾತಾಡ್ತಾನ. ‘ಶಿವಶಂಕರನ ಅವ್ವಗ ಹೇಳ್ರಪಾ, ಮದ್ಲು ತನ್ನ ಹೆಸರು ಅಳಿಸಿದ್ರ ಉಳಿದೋರಿಗೂ ಧೈರ್ಯ ಬರ್ತೈತಿ’ ಅಂದ. ಕರಿಸಿದ್ದ ಬಗ್ಗಿ ಹುಡುಕ್ಯಾಡಿ ಗಟ್ಟ್ಯಾಗಿ ಓದಿದ, ‘ಹುಲುಗಮ್ಮ’ ಅಂತ.

ಬೀಗ್ತೀ, ನಾ ಈ ಊರಿಗೆ ಬಂದು ಮೂವತ್ತನಾಕು ವರ್ಷಾತು. ಆ ರಸ್ತ್ಯಾಗ ಒಬ್ಬರಾದ್ರೂ ನನ್ನ ಹೆಸರು ಹಿಡಿದು ಕರದಿದ್ದಿಲ್ಲ. ಮದ್ಲ ಸಲ ಕರದದ್ದು ಅಳಸಾಕ.

ಹೋಗಿ ಕುಂತುಬಿಟ್ಟೆ. ಕೋಲು ಗ್ವಾಡಿಗೆ ಆನಿಸಿ, ನನ್ ಹೆಸರಿನ ಮ್ಯಾಲೆ ಧಪ್ ಅಂತ ಕುಂತೆ. ಭಾವನ ಮಕ ನೋಡೇ ಅಂದೆ, ‘ಭಾವಾರ, ಅಳಸೋದಿದ್ರ ನನ್ನ ಎಬ್ಬಿಸಿ ಅಳಸ್ರಿ.’ ತಮ್ಮನ ಹೇಣ್ತಿನ್ನ ಭಾವ ಮುಟ್ಟಾಕ ಬರತೈತಾ? ಅಂವ ಹಿಂದಕ್ಕ ಎರಡು ಹೆಜ್ಜಿ ಸರಿದ. ನನ್ ಕೈಕಾಲು ನಡುಗಾಕತ್ತಿದ್ದು, ಆದ್ರ ಕುಂತಿದ್ನಲ್ಲ, ಯಾರಿಗೂ ಕಾಣಲಿಲ್ಲ. ಕುಂದ್ರೋದ್ರಾಗ ಇದೊಂದು ಅನುಕೂಲ ಐತಿ ಅಂತ ಆವಾಗ ತಿಳೀತು.

ಆಮ್ಯಾಲೆ ಅನ್ನದಾನಮ್ಮ ಬಂದ್ಲು, ತನ್ನ ಹೆಸರು ಹುಡುಕಿಸಿ ಕುಂತ್ಲು. ‘ಲೇ ಕರಿಸಿದ್ದಾ, ಆ ಅರಿಬಿ ಇತ್ತ ಕೊಡು, ಹಲಗಿ ಮ್ಯಾಲೆ ನಾಯಿ ಕೂದಲೈತಿ’ ಅಂದ್ಲು. ಮಗ ಅರಿಬಿ ಕೊಟ್ಟ. ದುರ್ಗಾ ಕೂಸಿನ್ನ ಎತ್ತಿಗೆಂದು ಕುಂತ್ಲು. ಹೆಸರು ಓದಾಕ ಬರದೋರಿಗೆ ನಿನ್ ಮಗಳು ಕೈ ಹಿಡಿದು ತೋರಿಸಿ ಕುಂದ್ರಿಸಿದ್ಲು. ಬಸ್ಸು ಬಂತು, ಹಾರನ್ ಹೊಡೀತು. ಒಬ್ಬರೂ ಏಳಲಿಲ್ಲ. ಎದ್ರ ಅಳಸ್ತಾರ ಅಂತ. ಬಸ್ಸು ಹೋತು. ಇನ್ನೊಂದು ಬಂತು, ಅದೂ ಹೋತು. ಮಧ್ಯಾಹ್ನದ ಬಿಸಿಲಿಗೆ ಭಾವ ಮನಿ ಕಡಿ ನಡೆದ. ಆವತ್ತು ನನ್ ಮಣಕಾಲು ಡಾಕ್ಟರಿಲ್ಲದಾ ಅರ್ಧ ವಾಸಿಯಾತು.

ಈಗ ಭಾವ ಮನಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಬೇವಿನ ಗಿಡದ ಬುಡಕ ಕುಂದ್ರತಾನ. ನನ್ ಕಡಿ ನೋಡಲ್ಲ. ನಾ ಎದ್ದು ನಿಂದ್ರಲ್ಲ. ಗಂಡಸರಿಗೂ ಒಂದು ಬೆಂಚು ಮಾಡ್ತೀನಿ ಅಂತಾನ ಶಿವಶಂಕರ. ಮಾಡೂವಂತಿ, ಅವಸರ ಇಲ್ಲ ಅಂದೀನಿ.

ಇನ್ನೊಂದು. ಬೆಂಚಿನ ಮೂಲ್ಯಾಗ ಒಂದು ಚೌಕ ಖಾಲಿ ಐತಿ. ನಿನ್ ಮಗಳು ತನಗಂತ ಇಟ್ಕಂಡಿದ್ಲು. ನೀ ಗಟ್ಟಿ ಮಣಕಾಲಿನಾಕಿ, ಇನ್ನೂ ಸ್ವಲ್ಪ ವರ್ಷ ನಿಂದ್ರು ಅಂದೀನಿ. ಅದು ನಿಂದು, ಬೀಗ್ತೀ. ನಿನ್ ಹೆಸರು ಬರಸಲೇನು?

ಇಂತಿ ಹುಲುಗಮ್ಮ. ಹೆಬ್ಬಟ್ಟು ಹಳದಿ ಬಣ್ಣದ್ದು.


ಹರಪನಹಳ್ಳಿ
8 ಸೆಪ್ಟೆಂಬರ್ 2025

ಸಮತಾ,

ನಿನ್ನ ಅತ್ತೆಯ ಕಾಗದವನ್ನು ಕೌಂಟರಿನಲ್ಲಿ ಕೂತು ಓದಿದೆ. ಸಾಲಿನಲ್ಲಿದ್ದವರು ಕಾಯಬೇಕಾಯಿತು. ಕಾಯಲಿ ಎಂದುಕೊಂಡೆ.

ನಾನು ಮದುವೆಯಾಗಿ ಹೋದ ಹೊಳಲಿನ ಕಥೆಗಳನ್ನೆಲ್ಲ ನಿನಗೆ ಹೇಳಿದ್ದೇನೆ. ಅನಂತಶಯನನ ಗುಡಿ, ಅಲ್ಲಿನ ನನ್ನ ಮೊದಲ ಪೋಸ್ಟ್ ಆಫೀಸು, ನಿನ್ನ ಅಜ್ಜಿಯ ಕೈ ಅಡುಗೆ. ಒಂದನ್ನು ಹೇಳಿರಲಿಲ್ಲ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಲ್ಲಿನ ಆಸನ ಇತ್ತು. ನನ್ನ ಮಾವ, ನಿನ್ನ ಅಜ್ಜ, ಮತ್ತು ಅವರ ಗೆಳೆಯರು ಬೆಳಿಗ್ಗೆಯಿಂದ ಅದರ ಮೇಲೆ ಕೂರುತ್ತಿದ್ದರು. ಹನ್ನೊಂದು ವರ್ಷ ನಾನು ಟಪಾಲಿನ ಚೀಲ ಹಿಡಿದು ಅದರ ಪಕ್ಕದಲ್ಲಿ ನಿಂತೆ. ನೀನು ಹೊಟ್ಟೆಯಲ್ಲಿ ಏಳು ತಿಂಗಳವಳಾಗಿದ್ದಾಗಲೂ ನಿಂತೆ. ಅವರು ಕೆಟ್ಟವರಲ್ಲ. ‘ಯವ್ವಾ, ಬಿಸಲೈತಿ, ಸೆರಗು ಹೊದ್ದುಕೋ’ ಎನ್ನುತ್ತಿದ್ದರು. ಸರಿದು ಕೂರೋಣ ಎಂದು ಅವರಿಗೆ ಹೊಳೆಯಲಿಲ್ಲ. ಕೂತುಬಿಡೋಣ ಎಂದು ನನಗೂ ಹೊಳೆಯಲಿಲ್ಲ. ‘ಅಳಿಸಿಬಿಡು’ ಎಂದು ನಿನಗೆ ಬರೆದಾಗಲೂ ನಾನು ಅಲ್ಲೇ ನಿಂತಿದ್ದೆ, ಮಗಳೇ.

ಮೂಲೆಯ ಚೌಕದಲ್ಲಿ ನನ್ನ ಹೆಸರು ಬರೆ. ಸುಜಾತಾ ಎಂದಷ್ಟೇ ಬರೆ. ಯಾರ ಹೆಂಡತಿ, ಯಾರ ತಾಯಿ ಎಂದು ಸೇರಿಸಬೇಡ. ಹೊಲಿಗೆ ಅಂಚಿನಿಂದ ಬರಲಿ.

ಭಾನುವಾರ ಬರುತ್ತೇನೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದರೆ ಹನ್ನೊಂದಕ್ಕೆ ನಿಮ್ಮ ಕ್ರಾಸು. ನಿಮ್ಮಪ್ಪನಿಗೆ ಅವತ್ತು ತಾವೇ ಅನ್ನ ಮಾಡಿಕೊಳ್ಳಲು ಹೇಳಿದ್ದೇನೆ. ಎದುರುಗೊಳ್ಳಲು ಯಾರೂ ಬರಬೇಡಿ. ಇಳಿದು ಸ್ವಲ್ಪ ಹೊತ್ತು ಕೂರುತ್ತೇನೆ. ಚೌಡಣ್ಣನವರು ಇದ್ದರೆ ಇರಲಿ.

ಬಣ್ಣ ಒಣಗಿರಲಿ.

ಸುಜಾತಾ